ಮೇಲೇಳದ ಪೆಡಲು

ಮನೆಯ ಹಳೆಯ ಕಾರಿಗೂ ಮನೆಯ ಹಿರಿಯರಿಗೂ ಒಂದು ಹೋಲಿಕೆಯುಂಟು. ತಮ್ಮ ನೋವನ್ನು ಇಬ್ಬರೂ ಬಾಯಿಬಿಟ್ಟು ಹೇಳುವುದಿಲ್ಲ. ನಡಿಗೆಯಲ್ಲಿ ಸ್ವಲ್ಪ ವ್ಯತ್ಯಾಸ ಕಾಣುತ್ತದೆ, ಅಷ್ಟೆ. ಹತ್ತಿರದವರು ಕಣ್ಣಿಟ್ಟು ನೋಡಿದರೆ ಆಗಲೇ ತಿಳಿಯುತ್ತದೆ. ಇಲ್ಲವಾದರೆ ಒಂದು ದಿನ ನಡುರಸ್ತೆಯಲ್ಲಿ ತಿಳಿಯುತ್ತದೆ. ನಮ್ಮ ಮನೆಯಲ್ಲಿ ಎರಡೂ ಒಂದೇ ವಾರದಲ್ಲಿ ತಿಳಿದುವು.

ಮೈಸೂರಿನ ಸರಸ್ವತಿಪುರದ ನಮ್ಮ ಮನೆಯ ಮುಂದೆ 1997ರಿಂದ ಒಂದು ಮಾರುತಿ 800 ನಿಂತಿದೆ. 1983ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದು 2014ರ ಆರಂಭದಲ್ಲಿ ತಯಾರಿಕೆ ನಿಂತ ಆ ಪುಟ್ಟ ಕಾರನ್ನು ಅರಿಯದ ಮಧ್ಯಮವರ್ಗದ ಕುಟುಂಬ ನಮ್ಮಲ್ಲಿ ವಿರಳ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದ ನಮ್ಮ ತಂದೆಯವರು ಭವಿಷ್ಯನಿಧಿಯಿಂದ ಹಣ ತೆಗೆದು ಅದನ್ನು ಕೊಂಡರು. ಹದಿನೈದು ವರ್ಷ ತುಂಬಿದ ಮೇಲೆ, ಐದೈದು ವರ್ಷಕ್ಕೊಮ್ಮೆ, ಮೂರು ಬಾರಿ ಅದರ ನೋಂದಣಿ ನವೀಕರಣವಾಗಿದೆ. ಈಗ ತಂದೆಯವರಿಗೆ ಎಪ್ಪತ್ತಾರು. ತಾಯಿಯವರ ಮಂಡಿಯ ಚಿಕಿತ್ಸೆಗಾಗಿ ಪ್ರತಿ ಮಂಗಳವಾರ ಅವರನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋಗಿಬರುವುದು ಆ ಕಾರಿನ ಮುಖ್ಯ ಕೆಲಸ. ಅದು ತಂದೆಯವರ ಮುಖ್ಯ ಕೆಲಸವೂ ಹೌದು.

ಮೊದಲು ಗಮನಿಸಿದವರು ತಾಯಿ.

“ನಿಮ್ಮಪ್ಪನ ಬೂಟು ನೋಡೋ,” ಎಂದರು ಒಂದು ಸಂಜೆ. “ಎಡಗಾಲಿಂದು ಮಾತ್ರ ಮೇಲ್ಗಡೆ ತರಿದುಹೋಗಿದೆ. ಎಷ್ಟು ಪಾಲಿಷ್ ಹಾಕಿದರೂ ಅಷ್ಟೆ.”

ಬೂಟಿನ ಅಡಿ ಸವೆಯುವುದು ಸಹಜ. ಬೆರಳುಗಳ ಮೇಲಿನ ಚರ್ಮ ಸವೆಯುವುದೇಕೆ? ನನಗೆ ಅಂದು ಹೊಳೆಯಲಿಲ್ಲ. ಮೂರು ದಿನಗಳ ಮೇಲೆ ನಾನೇ ಕಾರನ್ನು ಹೊರತೆಗೆದೆ. ಬಲ್ಲಾಳ್ ವೃತ್ತದ ಬಳಿ ಗೇರು ಬದಲಿಸಲೆಂದು ಕ್ಲಚ್ಚನ್ನು ಒತ್ತಿದೆ. ಗೇರು ಬಿತ್ತು, ಕಾಲನ್ನು ತೆಗೆದೆ. ಆದರೆ ಪೆಡಲು ನೆಲದಲ್ಲಿಯೇ ಉಳಿಯಿತು. ಎಂಜಿನ್ನು ಬರಿದೆ ಗರ್ಜಿಸಿತು. ಹಿಂದಿದ್ದ ಬಸ್ಸು ಹಾರ್ನು ಹೊಡೆಯತೊಡಗಿತು. ಬೇರೆ ದಾರಿ ಕಾಣದೆ ಎಡಗಾಲಿನ ತುದಿಯನ್ನು ಪೆಡಲಿನ ಕೆಳಗೆ ತೂರಿಸಿ ಮೇಲೆತ್ತಿದೆ. ಆ ಕ್ಷಣದಲ್ಲಿಯೇ ಬೂಟಿನ ರಹಸ್ಯ ತಿಳಿಯಿತು. ತಂದೆಯವರು ತಿಂಗಳುಗಟ್ಟಲೆಯಿಂದ ಹೀಗೆಯೇ ಕಾರು ನಡೆಸುತ್ತಿದ್ದರು!

ಮನೆಗೆ ಬಂದು ಕೇಳಿದೆ. ಅವರು ಪತ್ರಿಕೆಯಿಂದ ತಲೆಯೆತ್ತಲಿಲ್ಲ. “ಹೇಳಿದರೆ ಕಾರು ಮಾರಿಬಿಡು ಅಂತೀಯ,” ಎಂದರು.

ಆ ಮಾತು ಸುಳ್ಳಾಗಿರಲಿಲ್ಲ. ನಾವು ಕಾರನ್ನು ಒಪ್ಪಿಸುತ್ತಿದ್ದ ಗ್ಯಾರೇಜಿನವರು ಒಂದೂವರೆ ವರ್ಷದಲ್ಲಿ ಎರಡು ಬಾರಿ ಕ್ಲಚ್ ಕೇಬಲ್ಲನ್ನು ಬದಲಿಸಿದ್ದರು. ಈಗ ವಿಚಾರಿಸಿದಾಗ, ಗೇರ್‌ಬಾಕ್ಸನ್ನು ಇಳಿಸಿ ಕ್ಲಚ್ಚಿನ ಇಡೀ ಸೆಟ್ಟನ್ನೇ ಹಾಕಬೇಕೆಂದರು. ಇಷ್ಟು ಹಣವನ್ನು ಈ ಕಾರಿಗೆ ಸುರಿಯುವ ಬದಲು ಮಾರುವುದೇ ಲೇಸೆಂದೂ ಸೇರಿಸಿದರು. ನಾನು ಅರೆಮನಸ್ಸಿನಿಂದ ಒಪ್ಪಿದ್ದೆ. ತಂದೆಯವರು ಕೇಳಿದ್ದು ಒಂದೇ ಪ್ರಶ್ನೆ: “ಅವರು ಬಿಚ್ಚಿ ನೋಡಿದರೇನು?” ನೋಡಿರಲಿಲ್ಲ. “ಹಾಗಾದರೆ ಭಾನುವಾರ ನಾವು ನೋಡೋಣ.”

ಆ ಭಾನುವಾರ ನಾವು ಕಲಿತದ್ದನ್ನು, ಇಂಥದೇ ಹಳೆಯ ಗಾಡಿಯನ್ನು ಮನೆಯಲ್ಲಿ ಇಟ್ಟುಕೊಂಡಿರುವ ವಾಚಕರಿಗಾಗಿ ಇಲ್ಲಿ ಬರೆದಿದ್ದೇನೆ.

ಕ್ಲಚ್ಚು ಎಂದರೇನು?

ಎಂಜಿನ್ನು ಸದಾ ತಿರುಗುತ್ತಿರುತ್ತದೆ. ಚಕ್ರಗಳು ಕೆಲವೊಮ್ಮೆ ನಿಲ್ಲಬೇಕಾಗುತ್ತದೆ. ಇವೆರಡರ ನಡುವೆ ಬೇಕೆಂದಾಗ ಕೂಡಿಸಿ, ಬೇಡವೆಂದಾಗ ಬಿಡಿಸುವ ಸಂಧಿಯೇ ಕ್ಲಚ್ಚು. ಎಂಜಿನ್ನಿನ ಜೊತೆ ತಿರುಗುವ ಭಾರವಾದ ಚಕ್ರ ಒಂದು ಕಡೆ. ಗೇರ್‌ಬಾಕ್ಸಿನ ಕಡೆಯಿಂದ ಬಂದ ತೆಳುವಾದ ಕ್ಲಚ್ ಪ್ಲೇಟು ಇನ್ನೊಂದು ಕಡೆ. ಬಲವಾದ ಸ್ಪ್ರಿಂಗಿರುವ ಪ್ರೆಷರ್ ಪ್ಲೇಟು ಎಂಬುದು ಇವೆರಡನ್ನೂ ಅದುಮಿ ಹಿಡಿದಿರುತ್ತದೆ. ನಾವು ಪೆಡಲನ್ನು ಒತ್ತಿದಾಗ ಒಂದು ಉಕ್ಕಿನ ಕೇಬಲ್ಲು ಗೇರ್‌ಬಾಕ್ಸಿನ ಮೇಲಿರುವ ಲಿವರನ್ನು ಎಳೆಯುತ್ತದೆ. ಲಿವರು ಒಳಗಿನ ಕವೆಯನ್ನು ತಿರುಗಿಸುತ್ತದೆ. ಕವೆಯು ಬೇರಿಂಗನ್ನು ಮುಂದೆ ತಳ್ಳಿ ಆ ಸ್ಪ್ರಿಂಗಿನ ಹಿಡಿತವನ್ನು ಸಡಿಲಿಸುತ್ತದೆ.

ಇದರಲ್ಲಿ ನೆನಪಿಡಬೇಕಾದ ಸಂಗತಿಗಳು ಎರಡು. ಪೆಡಲು ಹತ್ತು ಹನ್ನೆರಡು ಸೆಂಟಿಮೀಟರು ಇಳಿದರೆ ಒಳಗೆ ಪ್ರೆಷರ್ ಪ್ಲೇಟು ಸರಿಯುವುದು ಒಂದೆರಡು ಮಿಲಿಮೀಟರು ಮಾತ್ರ; ಆದ್ದರಿಂದ ದಾರಿಯಲ್ಲಿ ಎಲ್ಲಿ ಸ್ವಲ್ಪ ಬಿಗಿಯಾದರೂ, ಸ್ವಲ್ಪ ಸಡಿಲವಾದರೂ ಕ್ಲಚ್ಚು ಕೆಡುತ್ತದೆ. ಎರಡನೆಯದಾಗಿ, ಪೆಡಲು ಮೇಲೆ ಬರುವುದು ಬಹುಮಟ್ಟಿಗೆ ಒಳಗಿನ ಆ ಸ್ಪ್ರಿಂಗಿನ ಬಲದಿಂದ. ಅದು ಮರಳಿ ಬರುವ ಹಾದಿಯಲ್ಲಿ ತಡೆಯಿದ್ದರೆ ಪೆಡಲು ಕೆಳಗೇ ಉಳಿಯುತ್ತದೆ. ಹೀಗಾಗಿ ‘ಪೆಡಲು ಏಳುವುದಿಲ್ಲ’ ಎಂಬ ದೂರಿಗೆ ಕಾರಣ ಕ್ಲಚ್ಚೇ ಆಗಿರಬೇಕಾಗಿಲ್ಲ. ಪಾದದಿಂದ ಪ್ಲೇಟಿನವರೆಗಿನ ದಾರಿಯಲ್ಲಿ ಎಲ್ಲಿಯಾದರೂ ಆಗಿರಬಹುದು.

“ಪಾದದಿಂದ ಶುರುಮಾಡು,” ಎಂದರು ತಂದೆಯವರು. “ಕೈಗೆಟಕುವುದನ್ನು ಮೊದಲು ನೋಡು. ಗೇರ್‌ಬಾಕ್ಸು ಕೊನೆಗೆ.” ಇದಕ್ಕಿಂತ ಒಳ್ಳೆಯ ಸೂತ್ರ ನನಗೆ ತಿಳಿಯದು.

ಮೊದಲನೆಯ ತಪಾಸಣೆ: ಪೆಡಲು

ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆದು, ಚಕ್ರಗಳಿಗೆ ಕಲ್ಲುಗಳನ್ನು ಕೊಟ್ಟು, ಗೇರನ್ನು ನ್ಯೂಟ್ರಲ್ಲಿನಲ್ಲಿಟ್ಟೆವು. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿದೆವು. ಕಾರಿನ ಕೆಳಗೆ ನುಸುಳುವ ಅಗತ್ಯ ನಮಗೆ ಬೀಳಲಿಲ್ಲ. ಬಿದ್ದರೆ, ಕೇವಲ ಜಾಕಿಯ ಆಸರೆಯನ್ನು ನಂಬಿ ಯಾರೂ ಕೆಳಗೆ ಮಲಗಬಾರದು; ಗಟ್ಟಿಯಾದ ಸ್ಟ್ಯಾಂಡುಗಳು ಇರಲೇಬೇಕು.

ಮೊದಲು ಕಾಲಡಿಯ ಮ್ಯಾಟನ್ನು ತೆಗೆದೆವು. ಇದು ನಗೆಯ ಮಾತಲ್ಲ. ಒಂದರ ಮೇಲೊಂದು ಹಾಸಿದ ದಪ್ಪ ಮ್ಯಾಟಿನ ಅಂಚು ಪೆಡಲಿಗೆ ಸಿಕ್ಕಿಕೊಳ್ಳುವುದುಂಟು. ಉರುಳಿಬಂದ ನೀರಿನ ಬಾಟಲಿಯೂ ಸಿಕ್ಕಿಕೊಳ್ಳುವುದುಂಟು. ನಮ್ಮ ಕಾರಿನಲ್ಲಿ ಸಿಕ್ಕಿದ್ದು ಎರಡು ಕಡಲೆಬೀಜದ ಸಿಪ್ಪೆ ಮಾತ್ರ.

ಅನಂತರ ಬ್ಯಾಟರಿ ದೀಪವನ್ನು ಹಿಡಿದು ಡ್ಯಾಷ್‌ಬೋರ್ಡಿನ ಕೆಳಗೆ ನೋಡಿದೆವು. ಪೆಡಲು ಒಂದು ಅಡ್ಡ ಕಂಬಿಯ ಮೇಲೆ ತೂಗುತ್ತಿರುತ್ತದೆ. ಕಂಬಿಗೂ ಪೆಡಲಿಗೂ ನಡುವೆ ಬುಷ್ಷುಗಳಿರುತ್ತವೆ. ಪಕ್ಕದಲ್ಲಿ ಪೆಡಲನ್ನು ಮೇಲೆತ್ತಲು ನೆರವಾಗುವ ಒಂದು ಸಣ್ಣ ಸ್ಪ್ರಿಂಗಿರುತ್ತದೆ. ಆ ಸ್ಪ್ರಿಂಗು ತುಂಡಾಗಿಲ್ಲವೇ, ಕೊಂಡಿ ಕಳಚಿಲ್ಲವೇ ಎಂದು ನೋಡಬೇಕು. ಪೆಡಲನ್ನು ಅಕ್ಕಪಕ್ಕ ಅಲುಗಿಸಿ ನೋಡಬೇಕು. ಹೆಚ್ಚಾಗಿ ಆಡಿದರೆ ಬುಷ್ಷು ಸವೆದಿದೆಯೆಂದು ಅರ್ಥ. ನಮ್ಮ ಕಾರಿನ ಬುಷ್ಷುಗಳು ಸವೆದಿರಲಿಲ್ಲ. ಆದರೆ ಇಪ್ಪತ್ತೈದು ವರ್ಷಕ್ಕೂ ಹಿಂದಿನ ಗ್ರೀಸು ಮಣ್ಣಿನೊಡನೆ ಬೆರೆತು ಕರಿಯ ಅರಗಿನಂತಾಗಿತ್ತು. ಅದನ್ನು ಬಟ್ಟೆಯಿಂದ ಒರೆಸಿ, ಹೊಸ ಗ್ರೀಸನ್ನು ಸವರಿದೆವು. ಪೆಡಲು ಕೊಂಚ ಹಗುರವಾಯಿತು. ಆದರೂ ಹತ್ತು ಸಲ ಒತ್ತಿದರೆ ಮೂರು ಸಲ ಕೆಳಗೇ ನಿಂತಿತು.

ಎರಡನೆಯ ತಪಾಸಣೆ: ದಾರಿಯನ್ನು ತುಂಡರಿಸುವುದು

ಈಗ ಮಾಡಿದ್ದೇ ಇಡೀ ಪರೀಕ್ಷೆಯ ಜೀವಾಳ. ಬಾನೆಟ್ಟನ್ನು ಎತ್ತಿ, ಗೇರ್‌ಬಾಕ್ಸಿನ ಲಿವರಿಗೆ ಕೇಬಲ್ಲು ಸೇರುವಲ್ಲಿ ಹೊಂದಾಣಿಕೆಯ ನಟ್ಟನ್ನು ಬಿಚ್ಚಿ, ಕೇಬಲ್ಲಿನ ತುದಿಯನ್ನು ಬಿಡಿಸಿದೆವು. ಈ ಒಂದು ಕೆಲಸದಿಂದ ದಾರಿ ಎರಡು ಭಾಗವಾಗುತ್ತದೆ: ಈಚೆಗೆ ಪೆಡಲು ಮತ್ತು ಕೇಬಲ್ಲು, ಆಚೆಗೆ ಗೇರ್‌ಬಾಕ್ಸು ಮತ್ತು ಕ್ಲಚ್ಚು. ದೋಷ ಯಾವ ಭಾಗದ್ದೆಂಬುದನ್ನು ಐದು ನಿಮಿಷದಲ್ಲಿ ನಿರ್ಣಯಿಸಬಹುದು.

ಮೊದಲು ಆಚೆಯ ಭಾಗ. ಲಿವರನ್ನು ಕೈಯಿಂದ ಅಲುಗಿಸಿ ನೋಡಿದೆ. ಸ್ವಲ್ಪ ದೂರ ನಿರಾಯಾಸವಾಗಿ ಆಡಿ, ಅನಂತರ ಒಳಗಿನ ಸ್ಪ್ರಿಂಗಿನ ಬಲಕ್ಕೆ ತಾಗಿ ನಿಂತಿತು. ಹೀಗಿದ್ದರೆ ಒಳ್ಳೆಯ ಲಕ್ಷಣ. ಕೆಲವು ಕಾರುಗಳಲ್ಲಿ ಈ ಲಿವರಿನ ದಂಡವೇ ತುಕ್ಕು ಹಿಡಿದು ಬಿಗಿಯುತ್ತದೆ. ಆಗ ಲಿವರು ಕೈಗೆ ಅಲುಗುವುದಿಲ್ಲ, ಅಥವಾ ಅಲುಗಿದ ಮೇಲೆ ಹಿಂದಿರುಗುವುದಿಲ್ಲ.

ಇನ್ನು ಈಚೆಯ ಭಾಗ. ತಂದೆಯವರು ಒಳಗೆ ಕುಳಿತು ಪೆಡಲನ್ನು ಕೈಯಿಂದ ಒತ್ತಿದರು. ನಾನು ಕೇಬಲ್ಲಿನ ತುದಿಯನ್ನು ಹಿಡಿದು ಹಿಂದಕ್ಕೆ ಎಳೆಯುತ್ತಿದ್ದೆ. ಅದು ಬೆಣ್ಣೆಯಲ್ಲಿ ದಾರವೆಳೆದಂತೆ ಸರಿಯಬೇಕಾಗಿತ್ತು. ಬದಲಾಗಿ ಒರಟಾಗಿ, ತಡೆತಡೆದು ಬಂತು. ಒಂದು ಕಡೆ ನಿಂತೇಬಿಟ್ಟಿತು. ಪೆಡಲಿನ ತುದಿಯನ್ನೂ ಕಳಚಿದ ಮೇಲೆ ಪೆಡಲು ತಾನಾಗಿ ಸರಾಗವಾಗಿ ಆಡಿತು. ಅಪರಾಧಿ ಸಿಕ್ಕಿದ್ದ; ಕೇಬಲ್ಲು! ಗ್ಯಾರೇಜಿನವರು ಹೇಳಿದ ಕ್ಲಚ್ ಸೆಟ್ಟು ನಿರ್ದೋಷಿಯಾಗಿತ್ತು.

ನನಗೆ ಸಂತೋಷವಾಯಿತು. ಅಂಗಡಿಗೆ ಹೋಗಿ ಹೊಸ ಕೇಬಲ್ಲನ್ನು ತರಲು ಹೊರಟೆ. ತಂದೆಯವರು ತಡೆದರು.

“ಇದು ಮೂರನೆಯ ಕೇಬಲ್ಲು ಆಗತ್ತಲ್ಲಪ್ಪ. ಮೊದಲಿನದು ಎಷ್ಟು ವರ್ಷ ಬಂತು?”

“ಹನ್ನೆರಡು ವರ್ಷವಿರಬಹುದು.”

“ಆಮೇಲಿನವು ಒಂದೊಂದು ವರ್ಷವೂ ಬರಲಿಲ್ಲ. ಯಾಕೆ? ಅದನ್ನು ತಿಳಿಯದೆ ಇನ್ನೊಂದು ಹಾಕಿದರೆ ಅದೂ ಹೋಗತ್ತೆ.”

ಮೂರನೆಯ ತಪಾಸಣೆ: ಕೇಬಲ್ಲು ಏಕೆ ಸತ್ತಿತು?

ಕೇಬಲ್ಲನ್ನು ಹೊರತೆಗೆದು ಜಗುಲಿಯ ಮೇಲೆ ಹಾಸಿದೆವು. ಕೇಬಲ್ಲುಗಳು ಸಾಮಾನ್ಯವಾಗಿ ಮೂರು ರೀತಿಯಿಂದ ಕೆಡುತ್ತವೆ. ಹೊರಗಿನ ಕವಚ ಬಿರಿದು ನೀರು ಇಳಿದು ತುಕ್ಕು ಹಿಡಿಯುತ್ತದೆ. ಅಥವಾ ತಿರುವು ಬಹಳ ಕಿರಿದಾಗಿದ್ದರೆ ಒಳಗಿನ ಎಳೆಗಳು ಒಂದೊಂದಾಗಿ ಹರಿದು ಮುಳ್ಳಿನಂತೆ ಎದ್ದು ಕವಚವನ್ನು ಕಚ್ಚುತ್ತವೆ. ಅಥವಾ ಬಿಸಿಯಾದ ಸೈಲೆನ್ಸರ್ ಕೊಳವೆಗೆ ತಾಗಿ ಒಂದು ಕಡೆ ಸುಡುತ್ತದೆ. ನಮ್ಮ ಕೇಬಲ್ಲಿನಲ್ಲಿ ತುಕ್ಕಿರಲಿಲ್ಲ, ಹರಿದ ಎಳೆಗಳಿರಲಿಲ್ಲ. ಆದರೆ ಉದ್ದಕ್ಕೂ ಹೊರಗಿನ ಪ್ಲಾಸ್ಟಿಕ್ಕು ಮೆತ್ತಗಾಗಿ ಉಬ್ಬಿತ್ತು. ಕವಚವನ್ನು ಸೀಳಿದಾಗ ಒಳಗಿನ ನುಣುಪಾದ ಪದರ ಕರಗಿ ತಂತಿಗೆ ಅಂಟಿಕೊಂಡಿತ್ತು. ಸೈಲೆನ್ಸರು ತಾಗಿದ್ದರೆ ಸುಡುವುದು ಒಂದೇ ಕಡೆ. ಇದು ತಲೆಯಿಂದ ಬಾಲದವರೆಗೆ ಬೆಂದಿತ್ತು.

ತಂದೆಯವರು ಬಹಳ ಹೊತ್ತು ಅದನ್ನು ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದರು. ಆಮೇಲೆ ಕೇಳಿದರು: “ಬೆಳಿಗ್ಗೆ ಹೊತ್ತು ಗಾಡಿ ಸ್ಟಾರ್ಟ್ ಮಾಡುವಾಗ ಎಂಜಿನ್ ಸೋಮಾರಿಯಾಗಿ ತಿರುಗುತ್ತಲ್ಲ, ಗಮನಿಸಿದ್ದೀಯಾ? ಬ್ಯಾಟರಿ ಹಳೆಯದಾಯಿತು ಅಂದುಕೊಂಡಿದ್ದೆ.”

ಮೇಷ್ಟರು ಪಾಠಕ್ಕೆ ನಿಂತರು. ಸ್ನಾನದ ಮನೆಯ ಗೀಸರಿಗೆ ಹತ್ತು ಆಂಪಿಯರಿನ ಆಸುಪಾಸು ವಿದ್ಯುತ್ ಸಾಕು. ಕಾರಿನ ಸ್ಟಾರ್ಟರ್ ಮೋಟಾರಿಗೆ ನೂರು ಆಂಪಿಯರಿನ ಆಸುಪಾಸು ಬೇಕು. ವಿದ್ಯುತ್ತು ಬ್ಯಾಟರಿಯಿಂದ ಹೊರಟು ಸ್ಟಾರ್ಟರನ್ನು ತಿರುಗಿಸಿ ಮತ್ತೆ ಬ್ಯಾಟರಿಗೆ ಮರಳಬೇಕಷ್ಟೆ. ಎಂಜಿನ್ನು ರಬ್ಬರಿನ ದಿಂಬುಗಳ ಮೇಲೆ ಕೂತಿರುತ್ತದೆ. ರಬ್ಬರಿನಲ್ಲಿ ವಿದ್ಯುತ್ತು ಹರಿಯದು. ಅದಕ್ಕೆಂದೇ ಎಂಜಿನ್ನಿನಿಂದ ಕಾರಿನ ಮೈಗೆ ದಪ್ಪನೆಯ ಅರ್ತ್ ಪಟ್ಟಿಯೊಂದನ್ನು ಕಟ್ಟಿರುತ್ತಾರೆ. ಆ ಪಟ್ಟಿ ತುಕ್ಕು ಹಿಡಿದರೆ ವಿದ್ಯುತ್ತು ಬೇರೆ ದಾರಿಯನ್ನು ಹುಡುಕುತ್ತದೆ. ಎಂಜಿನ್ನಿನ ಕಡೆಯಿಂದ ಕಾರಿನ ಮೈಗೆ ಬರುವ ಇನ್ನೊಂದು ಲೋಹದ ದಾರಿ ಯಾವುದು? ಗೇರ್‌ಬಾಕ್ಸಿನ ಲಿವರಿನಿಂದ ಪೆಡಲಿಗೆ ಬರುವ ಕ್ಲಚ್ ಕೇಬಲ್ಲು! ಅದು ಅಷ್ಟು ವಿದ್ಯುತ್ತನ್ನು ಹೊರಲು ಹುಟ್ಟಿದ್ದಲ್ಲ. ಪ್ರತಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲೆಲ್ಲ ಅದು ಒಲೆಯ ಸುರುಳಿಯಂತೆ ಕಾದು, ತನ್ನ ಮೈಯನ್ನು ತಾನೇ ಬೇಯಿಸಿಕೊಳ್ಳುತ್ತಿತ್ತು.

ಊಹೆಯನ್ನು ಅಳತೆಯಿಂದ ಒರೆಹಚ್ಚಿದೆವು. ಬ್ಯಾಟರಿಯ ತಂತಿಯನ್ನು ಮತ್ತೆ ಸೇರಿಸಿ, ಗೇರು ನ್ಯೂಟ್ರಲ್ಲಿನಲ್ಲಿದೆಯೆಂದು ಎರಡು ಬಾರಿ ನೋಡಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಇನ್ನೊಂದನ್ನು ಕಾರಿನ ಮೈಯ ಬರಿಯ ಲೋಹಕ್ಕೂ ಹಿಡಿದು, ಸ್ಟಾರ್ಟರನ್ನು ತಿರುಗಿಸಿದೆವು. ಅರ್ತ್ ಸರಿಯಾಗಿದ್ದರೆ ಮೀಟರು ಅರ್ಧ ವೋಲ್ಟನ್ನೂ ಮುಟ್ಟಬಾರದು. ನಮ್ಮಲ್ಲಿ ಎರಡು ವೋಲ್ಟನ್ನು ದಾಟಿತು. ಪಟ್ಟಿಯನ್ನು ಹುಡುಕಿ ಬಿಚ್ಚಿದಾಗ ಅದರ ಕಿವಿ ಹಸಿರು ಪುಡಿಯಾಗಿ ಕೈಗೇ ಬಂತು.

ಮದ್ದು

ಹೊಸ ಅರ್ತ್ ಪಟ್ಟಿಯನ್ನು ತಂದು, ಅದು ಕೂರುವ ಎರಡೂ ಕಡೆ ಬಣ್ಣ ಮತ್ತು ತುಕ್ಕನ್ನು ಮರಳುಕಾಗದದಿಂದ ಉಜ್ಜಿ, ಲೋಹ ಹೊಳೆಯುವಂತೆ ಮಾಡಿ ಬಿಗಿದೆವು. ಅನಂತರವೇ ಹೊಸ ಕೇಬಲ್ಲು. ಹಳೆಯದು ಹೋಗಿದ್ದ ದಾರಿಯಲ್ಲಿಯೇ, ಎಲ್ಲಿಯೂ ಚೂಪಾದ ತಿರುವಿಲ್ಲದಂತೆ, ಬಿಸಿ ಕೊಳವೆಗೆ ತಾಗದಂತೆ ಅದನ್ನು ಹಾಯಿಸಿದೆವು. ಒಳಗೆ ನೈಲಾನಿನ ಪದರವಿರುವ ಕೇಬಲ್ಲಿಗೆ ಎಣ್ಣೆ ಹಾಕಬೇಕಾಗಿಲ್ಲ. ಎಣ್ಣೆ ಧೂಳನ್ನು ಹಿಡಿದು ಅರಗಾಗುತ್ತದೆ. ಎರಡು ತುದಿಗಳ ಕೊಂಡಿಗೆ ಮಾತ್ರ ಒಂದು ಚಿಟಿಕೆ ಗ್ರೀಸು ಸಾಕು.

ಕೊನೆಗೆ ಹೊಂದಾಣಿಕೆ. ಪೆಡಲನ್ನು ಬೆರಳಿನಿಂದ ಒತ್ತಿದಾಗ ಮೊದಲ ಎರಡು ಸೆಂಟಿಮೀಟರಿನಷ್ಟು ದೂರ ಸಡಿಲವಾಗಿ ಹೋಗಿ, ಆಮೇಲೆ ಬಿಗಿ ಸಿಗಬೇಕು. ನಿಖರವಾದ ಅಳತೆ ಆಯಾ ಕಾರಿನ ಕೈಪಿಡಿಯಲ್ಲಿರುತ್ತದೆ, ಅದೇ ಪ್ರಮಾಣ. ಈ ಸಡಿಲ ಇಲ್ಲವಾದರೆ ಬೇರಿಂಗು ಸದಾ ಒತ್ತಿಕೊಂಡಿದ್ದು ಸವೆಯುತ್ತದೆ, ಕ್ಲಚ್ಚು ಜಾರುತ್ತದೆ. ಅತಿಯಾದರೆ ಕ್ಲಚ್ಚು ಪೂರ್ತಿ ಬಿಡದೆ ಗೇರು ಕರಕರ ಎನ್ನುತ್ತದೆ.

ಒಟ್ಟು ಖರ್ಚು ಕ್ಲಚ್ ಸೆಟ್ಟಿನ ಬೆಲೆಯ ಒಂದು ಸಣ್ಣ ಪಾಲು ಮಾತ್ರ. ಮರುದಿನ ಬೆಳಿಗ್ಗೆ ಎಂಜಿನ್ನು ಒಂದೇ ತಿರುವಿಗೆ ಹತ್ತಿಕೊಂಡಿತು. ಹಳೆಯ ಬ್ಯಾಟರಿಗೂ ಅಪವಾದ ತಪ್ಪಿತು.

ಇತರ ಕಾರುಗಳವರಿಗೆ

ಕೆಲವು ಕಾರುಗಳಲ್ಲಿ ಕೇಬಲ್ಲಿನ ಬದಲು ಬ್ರೇಕ್ ಎಣ್ಣೆಯಿಂದ ಕ್ಲಚ್ಚು ನಡೆಯುತ್ತದೆ. ಅಲ್ಲಿ ಪೆಡಲು ನೆಲದಲ್ಲಿ ನಿಂತರೆ ಮೊದಲು ಎಣ್ಣೆಯ ಮಟ್ಟವನ್ನು ನೋಡಬೇಕು. ಎರಡು ಮೂರು ಸಲ ತುಳಿದ ಮೇಲೆ ಬಿಗಿ ಬಂದರೆ ಕೊಳವೆಯಲ್ಲಿ ಗಾಳಿ ಸೇರಿದೆ, ಅಥವಾ ಎಣ್ಣೆ ಸೋರುತ್ತಿದೆ. ಪೆಡಲಿನ ಮೇಲ್ಭಾಗದ ಸಿಲಿಂಡರು ಮತ್ತು ಗೇರ್‌ಬಾಕ್ಸಿನ ಬಳಿಯ ಸಿಲಿಂಡರು, ಎರಡರ ಸುತ್ತಲೂ ಒದ್ದೆಯಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಬೇಕು. ಹಳೆಯ ರಬ್ಬರ್ ಕೊಳವೆ ಒಳಗೆ ಉಬ್ಬಿಕೊಂಡರೆ ಎಣ್ಣೆ ಹೋಗುತ್ತದೆ, ಬೇಗ ಮರಳುವುದಿಲ್ಲ. ಆಗಲೂ ಕ್ಲಚ್ಚು ತಡವಾಗಿ ಹಿಡಿಯುತ್ತದೆ. ಈ ತೊಟ್ಟಿಗೆ ಎಂಜಿನ್ ಎಣ್ಣೆಯನ್ನು ಎಂದಿಗೂ ಹಾಕಬಾರದು. ರಬ್ಬರುಗಳೆಲ್ಲ ಊದಿಕೊಂಡು ಹಾಳಾಗುತ್ತವೆ.

ನಿಜವಾಗಿಯೂ ಕ್ಲಚ್ಚೇ ಕೆಟ್ಟಿದ್ದರೆ ಅದರ ಲಕ್ಷಣಗಳು ಬೇರೆ. ಏರಿನಲ್ಲಿ ಎಂಜಿನ್ನಿನ ಸದ್ದು ಏರಿದರೂ ವೇಗ ಏರದಿದ್ದರೆ ಪ್ಲೇಟು ಸವೆದಿದೆ, ಇಲ್ಲವೇ ಅದಕ್ಕೆ ಎಣ್ಣೆ ತಾಗಿದೆ. ಪೆಡಲನ್ನು ಒತ್ತಿದಾಗ ಮಾತ್ರ ಗರಗರ ಶಬ್ದ ಬಂದರೆ ಬೇರಿಂಗು ಸವೆದಿರುವ ಸಂಭವ ಹೆಚ್ಚು. ಕೇಬಲ್ಲು ಸರಿಯಿದ್ದೂ ಪೆಡಲು ತಿಂಗಳಿಂದ ತಿಂಗಳಿಗೆ ಭಾರವಾಗುತ್ತಾ ಬಂದರೆ ಒಳಗಿನ ಭಾಗಗಳನ್ನು ಶಂಕಿಸಬೇಕು. ಆಗ ಗೇರ್‌ಬಾಕ್ಸನ್ನು ಇಳಿಸಲೇಬೇಕು. ಅದು ನುರಿತ ಮೆಕ್ಯಾನಿಕ್ಕಿನ ಕೆಲಸ. ಹಳೆಯ ಪ್ಲೇಟಿನ ಧೂಳಿನಲ್ಲಿ ಕಲ್ನಾರು ಇರಬಹುದಾದ್ದರಿಂದ ಅದನ್ನು ಊದಿ ಹಾರಿಸಬಾರದೆಂಬುದನ್ನು ಮಾತ್ರ ನೆನಪಿಡಿ.

ಇನ್ನು, ದಾರಿಯಲ್ಲಿಯೇ ಪೆಡಲು ಕೈಕೊಟ್ಟರೆ? ಕಾರು ಚಲಿಸುತ್ತಿರುವಾಗ ಬಗ್ಗಿ ನೋಡಲು ಹೋಗಲೇಬಾರದು. ಆಕ್ಸಿಲರೇಟರಿನಿಂದ ಕಾಲನ್ನು ತೆಗೆದು, ಗೇರನ್ನು ನ್ಯೂಟ್ರಲ್ಲಿಗೆ ಎಳೆದು, ಸೂಚಕ ದೀಪವನ್ನು ಹಾಕಿ, ಬ್ರೇಕಿನಿಂದ ರಸ್ತೆಯ ಬದಿಗೆ ನಿಲ್ಲಿಸಬೇಕು. ಪೆಡಲು ಬಲವೇ ಇಲ್ಲದೆ ಕುಸಿದರೆ ಕೇಬಲ್ಲು ತುಂಡಾಗಿದೆಯೆಂದು ತಿಳಿಯಬೇಕು. ಆಗ ಗೇರಿನಲ್ಲಿದ್ದಂತೆಯೇ ಸ್ಟಾರ್ಟ್ ಮಾಡಿದರೆ ಕಾರು ಮುಂದಕ್ಕೆ ಹಾರುತ್ತದೆ. ಕಾಲಿನ ತುದಿಯಿಂದ ಪೆಡಲನ್ನು ಎತ್ತುತ್ತಾ ಓಡಿಸುವುದು ಉಪಾಯವಲ್ಲ. ಆ ಕಾಲು ಪೆಡಲಿನ ಕೆಳಗೆ ಸಿಕ್ಕಿರುವ ಕ್ಷಣದಲ್ಲಿಯೇ ಒಂದು ಮಗು ರಸ್ತೆಗೆ ಅಡ್ಡ ಬಂದರೆ ಕ್ಲಚ್ಚನ್ನು ಒತ್ತಲಾಗುವುದಿಲ್ಲ, ಗಮನವೂ ರಸ್ತೆಯ ಮೇಲಿರುವುದಿಲ್ಲ.

ಈ ಮಾತನ್ನು ನಾನು ತಂದೆಯವರಿಗೂ ಹೇಳಿದೆ. ಹೇಳಲು ಕಷ್ಟವಾಯಿತು. ಹಿಂದಿನ ಆಸನದಲ್ಲಿ ತಾಯಿಯವರನ್ನು ಕೂರಿಸಿಕೊಂಡು ಅವರು ಹಾಗೆ ಎಷ್ಟು ಮಂಗಳವಾರ ಹೋಗಿದ್ದರೋ! ಅವರು ಕೈಗೆ ಹತ್ತಿದ ಗ್ರೀಸನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿಕೊಳ್ಳುತ್ತಾ ಸುಮ್ಮನೆ ಕೇಳಿದರು.

“ತಪ್ಪು ನನ್ನದೇ,” ಎಂದರು ಕೊನೆಗೆ. “ಹುಡುಗರು ಹೋಂವರ್ಕ್ ಮುಚ್ಚಿಟ್ಟರೆ ಬೈಯುತ್ತಿದ್ದೆ. ಇನ್ನು ಮೇಲೆ ಏನು ಕೆಟ್ಟರೂ ಹೇಳುತ್ತೇನೆ. ಆದರೆ ನೀನೂ ಒಂದು ಮಾತು ಕೊಡಬೇಕು. ಹೇಳಿದ ತಕ್ಷಣ ಮಾರುವ ಮಾತೆತ್ತಬಾರದು. ಮೊದಲು ಬಿಚ್ಚಿ ನೋಡಬೇಕು.”

“ಆಗಲಪ್ಪ.”

“ಕಾರಿಗೊಂದೇ ಅಲ್ಲ, ನನಗೂ ಸೇರಿಸಿ ಹೇಳ್ತಾ ಇದೀನಿ,” ಎಂದರು. ಕಣ್ಣಿನ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಮಾಡಿಸುವುದಾಗಿಯೂ, ಕತ್ತಲಾದ ಮೇಲೆ ತಾವು ಓಡಿಸುವುದಿಲ್ಲವೆಂದೂ ತಾವಾಗಿಯೇ ಸೇರಿಸಿದರು. ವೈದ್ಯರು ಬೇಡವೆಂದ ದಿನ ಕೀಲಿಯನ್ನು ಕೊಡುವುದಾಗಿಯೂ ಒಪ್ಪಿದರು.

ಆ ದಿನ ಇನ್ನೂ ಬಂದಿಲ್ಲ. ಮಂಗಳವಾರದ ಬೆಳಗಿನ ಪ್ರಯಾಣ ಎಂದಿನಂತೆ ನಡೆದಿದೆ. ತಾಯಿಯವರು ಎಡಗಾಲಿನ ಬೂಟಿಗೆ ಚಮ್ಮಾರನಿಂದ ಹೊಸ ಚರ್ಮವನ್ನು ಹಾಕಿಸಿದ್ದಾರೆ. ಈಗಲೂ ಪ್ರತಿ ವಾರ ಆ ಬೂಟನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾರೆ.